ಕಾಡಿನಲ್ಲಿ ಮರೆಯಾದವನ ಬೆನ್ನುಹತ್ತಿ

2025ರ ಅಕ್ಟೋಬರ್ ತಿಂಗಳ ಮೊದಲ ಭಾನುವಾರ ಬಲಿಪೂಜೆ ಮುಗಿಸಿ ಹೊರಬರುತ್ತಿದ್ದಾಗ, ತಿಕೋಟಾ ಕಡೆಯ ತಾಯಿಯೊಬ್ಬರು ನಮ್ಮನ್ನು ದೇವಾಲಯದ ಬಾಗಿಲಲ್ಲೇ ತಡೆದು ನಿಲ್ಲಿಸಿದರು. ದ್ರಾಕ್ಷಿ ತೋಟದ ಚಾಟ್ನಿಯ ಕೆಲಸವನ್ನು ಒಂದು ಹೊತ್ತು ಬದಿಗಿಟ್ಟು ಪೂಜೆಗೆ ಬಂದವರು ಅವರು. "ಫಾದರ್, ಹುಡುಗ್ರು ಕಾಂತಾರಕ್ಕ ಹೋಗೂಣಂತ ಗಂಟ ಬಿದ್ದಾರ್ರಿ. ಅದರಾಗ ಭೂತದ ಪೂಜಿ ಐತಂತ. ಕರ್ಕೊಂಡ ಹೋಗ್ಲ್ಯೋ ಬ್ಯಾಡೋ?" ಎಂದು ಕೇಳಿದರು. ಹೋಗಿಬನ್ನಿ ಎಂದೆವು. ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸಾರಿರುವಾಗ, ತುಳುನಾಡಿನ ದೈವಾರಾಧನೆಯನ್ನು ತೆರೆಯ ಮೇಲೆ ಕಂಡ ಮಾತ್ರಕ್ಕೆ ನಮ್ಮ ಮಕ್ಕಳ ವಿಶ್ವಾಸ ಕರಗಿಹೋಗುವುದಿಲ್ಲ. ನಾವೂ ಆ ವಾರವೇ ಹೋಗುವವರಿದ್ದೆವು ಎಂಬುದನ್ನು ಮಾತ್ರ ಆ ತಾಯಿಗೆ ಹೇಳಲಿಲ್ಲ.

ನಮಗಿದ್ದ ಅಳುಕೇ ಬೇರೆ. ಬಹಳ ಮೆಚ್ಚಿದ ವಸ್ತುವಿಗೆ ಇನ್ನೊಂದನ್ನು ಜೋಡಿಸಿದರೆ ಮೊದಲಿನದೂ ಕೈಬಿಟ್ಟುಹೋದೀತೇ ಎಂಬ ಅಳುಕು.

ರಿಷಬ್ ಶೆಟ್ಟಿಯವರು ತಾವೇ ಬರೆದು, ನಿರ್ದೇಶಿಸಿ, ನಟಿಸಿದ 'ಕಾಂತಾರ' 2022ರ ಸೆಪ್ಟೆಂಬರ್ 30ರಂದು ತೆರೆಕಂಡಿತು. ಅದರ ಕುಂದಾಪುರ ಸೀಮೆಯ ಮಾತು ವಿಜಯಪುರದವರ ಕಿವಿಗೆ ಅರ್ಧ ಹತ್ತಿತು, ಅರ್ಧ ಜಾರಿತು. ಆದರೂ ಜೋಳದ ಹೊಲ, ಜಾಲಿ, ಬೇವುಗಳನ್ನಷ್ಟೇ ಕಂಡು ಬೆಳೆದ ನಮ್ಮ ಜನ ಆ ಹಸಿರು ಕತ್ತಲೆಯನ್ನು ಬಿಟ್ಟಕಣ್ಣು ಬಿಟ್ಟಂತೆಯೇ ನೋಡಿದರು. ಅರಣ್ಯವೆಂಬುದು ಶೇಕಡಾ ಒಂದರಷ್ಟೂ ಇಲ್ಲದ ಜಿಲ್ಲೆ ನಮ್ಮದು. ಆದರೆ ಭೂಮಿಯ ದುಃಖ ನಮಗೆ ಹೊಸದಲ್ಲ. ಆಲಮಟ್ಟಿ ಜಲಾಶಯಕ್ಕಾಗಿ ಊರು, ಹೊಲ ಬಿಟ್ಟುಬಂದವರು ಇಲ್ಲಿದ್ದಾರೆ. ಅರಸು ಕೊಟ್ಟ ನೆಲವನ್ನು ಅವನ ಮುಂದಿನವರು ಹಿಂದಕ್ಕೆ ಕೇಳುವ ಕಥೆಗೆ ಅವರಿಗೆ ವ್ಯಾಖ್ಯಾನ ಬೇಕಾಗಲಿಲ್ಲ.

ಆ ಚಿತ್ರದ ಕೊನೆಯನ್ನು ನೆನೆಯಿರಿ. ಆವೇಶ ಬಂದ ಶಿವ ಒಂದು ಮಾತನ್ನೂ ಆಡದೆ ಊರವರ ಕೈಗಳನ್ನೂ ಅರಣ್ಯಾಧಿಕಾರಿಯ ಕೈಯನ್ನೂ ಕೂಡಿಸಿ ಎದೆಗೊತ್ತಿಕೊಳ್ಳುತ್ತಾನೆ. ಬಳಿಕ ತಂದೆ ಮರೆಯಾದ ಕಾಡಿನಲ್ಲಿಯೇ ತಾನೂ ಮರೆಯಾಗುತ್ತಾನೆ. ಎಲ್ಲಿಗೆ ಹೋದ? ಚಿತ್ರ ಹೇಳಲಿಲ್ಲ. ತತ್ವಶಾಸ್ತ್ರವನ್ನು ಹಲವು ವರ್ಷ ಓದಿ, ಪ್ರತಿಯೊಂದಕ್ಕೂ ಕಾರಣ ಕೇಳುವುದನ್ನು ರೂಢಿಸಿಕೊಂಡ ನಮಗೂ ಆ ಸಂಜೆ ಕೇಳಬೇಕೆನಿಸಲಿಲ್ಲ.

ಆದರೆ ಚಿತ್ರದೊಳಗಿನ ಮಗು ಕೇಳಿಬಿಟ್ಟಿತು. ಅಪ್ಪ ಅಲ್ಲಿಯೇ ಏಕೆ ಮಾಯವಾದನೆಂದು ಶಿವನ ಮಗ ಕೇಳಿದ ಆ ಪ್ರಶ್ನೆಯಿಂದಲೇ 2025ರ ಅಕ್ಟೋಬರ್ 2ರಂದು ಬಂದ 'ಕಾಂತಾರ: ಅಧ್ಯಾಯ 1' ಹುಟ್ಟಿದೆ. ಕಥೆ ಮುಂದಕ್ಕೆ ಹೋಗದೆ ಕದಂಬರ ಕಾಲಕ್ಕೆ ಹಿಂದೆ ಸರಿಯುತ್ತದೆ. ಕಾಡಿನ ಜನ ಬಂದರಿಗೆ ಇಳಿದು, ತಾವು ಬೆಳೆದ ಸಾಂಬಾರ ಪದಾರ್ಥಕ್ಕೆ ಅಲ್ಲಿರುವ ಬೆಲೆಯನ್ನು ಮೊದಲ ಬಾರಿಗೆ ಕಣ್ಣಾರೆ ಕಾಣುವ ಭಾಗ ನಮಗೆ ಬಹಳ ಹಿಡಿಸಿತು. ಒಣದ್ರಾಕ್ಷಿಯನ್ನು ಸಾಂಗಲಿ, ತಾಸಗಾಂವಗಳ ಪೇಟೆಗೆ ಒಯ್ದು ದರಕ್ಕಾಗಿ ಕಾದುಕುಳಿತ ತಿಕೋಟಾದ ರೈತನಿಗೆ ಅದು ಕಥೆಯಲ್ಲ, ಅನುಭವ.

ಉಳಿದದ್ದರ ಬಗ್ಗೆ ನಮ್ಮ ಮನಸ್ಸು ಎರಡಾಗಿದೆ. ರಥ, ಹುಲಿ, ಯುದ್ಧ ಎಲ್ಲವೂ ಬೆರಗುಗೊಳಿಸುವಂತಿವೆ. ಆ ಶ್ರಮಕ್ಕೆ ತಲೆಬಾಗುತ್ತೇವೆ. ಆದರೆ ಮೊದಲ ಚಿತ್ರದಲ್ಲಿ ಗುಳಿಗನಿಗಾಗಿ ಕಡೆಯವರೆಗೆ ಕಾದಿದ್ದೆವು. ಇಲ್ಲಿ ದೈವ ಮತ್ತೆ ಮತ್ತೆ ಇಳಿದುಬರುತ್ತದೆ. ಒಂದೊಂದು ಸಲವೂ ಸದ್ದು ಹೆಚ್ಚುತ್ತದೆ, ನಮ್ಮೊಳಗಿನ ನಡುಕ ಕಡಿಮೆಯಾಗುತ್ತದೆ.

ಇಂಥದೊಂದು ಆಸೆ ನಮ್ಮವರಲ್ಲಿಯೂ ಬಹು ಹಿಂದೆಯೇ ಹುಟ್ಟಿತ್ತು. ಹನ್ನೆರಡರ ಬಾಲಕ ಯೇಸುವನ್ನು ಜೆರುಸಲೇಮಿನ ದೇವಾಲಯದಲ್ಲಿ ತೋರಿಸಿದ ಸಂತ ಲೂಕನು ಮುಂದೆ ತೋರಿಸುವುದು ಸುಮಾರು ಮೂವತ್ತರ ಯೇಸುವನ್ನು. ನಡುವಿನ ಹದಿನೆಂಟು ವರ್ಷಗಳಿಗೆ ಒಂದೆರಡು ಸಾಲು. ಮೊದಲ ಶತಮಾನಗಳ ಭಕ್ತರಿಗೆ ಇದು ಸಾಲದೆ ಹೋಯಿತು. ತೋಮನ ಹೆಸರಿನಲ್ಲಿ ಬಾಲ್ಯದ ಕಥೆಯೊಂದು ಹುಟ್ಟಿತು: ಐದು ವರ್ಷದ ಯೇಸು ಮಣ್ಣಿನ ಗುಬ್ಬಿಗಳಿಗೆ ಜೀವ ಕೊಟ್ಟು ಹಾರಿಸುತ್ತಾನೆ, ಕೆಣಕಿದ ಹುಡುಗನನ್ನು ಶಪಿಸಿ ಸಾಯಿಸುತ್ತಾನೆ. ಶಕ್ತಿಗೇನೂ ಕೊರತೆಯಿಲ್ಲ. ಆದರೆ ಗುಬ್ಬಿಗಳನ್ನು ಎಷ್ಟು ಹಾರಿಸಿದರೂ ಅವನು ನಮ್ಮ ಯೇಸುಸ್ವಾಮಿಯಲ್ಲ. ಧರ್ಮಸಭೆ ಆ ಪುಸ್ತಕವನ್ನು ಶುಭಸಂದೇಶಗಳ ಸಾಲಿಗೆ ಸೇರಿಸಲಿಲ್ಲ; ಜನ ಮಾತ್ರ ಅದನ್ನು ಶತಮಾನಗಳ ಕಾಲ ಓದಿದರು. ಜನರನ್ನು ದೂರುವಂತೆಯೂ ಇಲ್ಲ. ಪ್ರೀತಿಸಿದವರ ಬಗ್ಗೆ ಇನ್ನಷ್ಟು ತಿಳಿಯಬೇಕೆನ್ನುವುದು ಮನುಷ್ಯರ ಸ್ವಭಾವ.

ಚಿತ್ರ ಬಂದ ಕೆಲವೇ ದಿನಗಳಲ್ಲಿ, ಚಿತ್ರಮಂದಿರಗಳಲ್ಲಿ ಜನ ದೈವದ ವೇಷ ತೊಟ್ಟು ಕುಣಿಯತೊಡಗಿದರು. ತುಳುನಾಡಿನ ಆರಾಧಕರು ನೊಂದರು. ಹಾಗೆ ಅನುಕರಿಸಬೇಡಿರೆಂದು ಚಿತ್ರತಂಡದವರೇ ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು. ನಮ್ಮ ಪೂಜಾವಸ್ತ್ರ ತೊಟ್ಟು ಯಾರಾದರೂ ಬಯಲಲ್ಲಿ ಪರಮಪ್ರಸಾದ ಹಂಚುವ ಅಣಕ ಮಾಡಿದ್ದರೆ ನಮಗೆ ಹೇಗಾಗುತ್ತಿತ್ತು? ಈ ಮಾತನ್ನು ಮುಂದಿನ ಭಾನುವಾರದ ಪ್ರಸಂಗದಲ್ಲಿ ಹೇಳಬೇಕೆಂದು ಬರೆದಿಟ್ಟುಕೊಂಡಿದ್ದೆವು. ಅಷ್ಟರಲ್ಲಿ, ಧರ್ಮೋಪದೇಶಕ್ಕೆಂದು ಬಬಲೇಶ್ವರದಿಂದ ಬರುವ ಬಾಲಕನೊಬ್ಬ ದೇವಾಲಯದ ಅಂಗಳದಲ್ಲಿ ಕೈ ಸೆಟೆಸಿ, ಕಣ್ಣು ಹಿಗ್ಗಿಸಿ, ಗುಳಿಗನ ಕೂಗು ಕೂಗಿದ. ಗೇಟಿನಾಚೆ ಹೊರಟಿದ್ದ ಬೈಕಿನವನು ಬೆಚ್ಚಿ ನಿಂತ. ನಮಗೆ ನಗು ತಡೆಯಲಾಗಲಿಲ್ಲ.

ಗದರಿಸಬೇಕಿತ್ತೇ? ನಾವೂ ಆ ವಯಸ್ಸಿನಲ್ಲಿ ಹೆಗಲಿಗೆ ಟವೆಲು ಹೊದ್ದು, ತಂಗಿಯರನ್ನು ಮುಂದೆ ಕೂರಿಸಿಕೊಂಡು, ಬಿಸ್ಕತ್ತು ಮುರಿದು ಪೂಜೆಯ ಆಟವಾಡಿದವರು. ತಾಯಿ ಬಾಗಿಲಲ್ಲಿ ನಿಂತು ನೋಡಿದರು. ಬೈಯಲಿಲ್ಲ, ಆಟ ಮುಗಿದ ಮೇಲೆ ಟವೆಲನ್ನು ಮಡಚಿ ಇಡು ಎಂದರು, ಅಷ್ಟೇ. ಬರೆದಿಟ್ಟ ಪ್ರಸಂಗದ ಹಾಳೆ ಇನ್ನೂ ನಮ್ಮ ಮೇಜಿನ ಮೇಲಿದೆ.

ಆ ದಿನದ ಪಾಠ ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯ. ಅದೇ ಬಾಲಕ ಕೈಯೆತ್ತಿದ. "ಫಾದರ್, ಹನ್ನೆರಡಕ್ಕ ಗುಡಿಯಾಗ ಸಿಕ್ಕ ಮ್ಯಾಲ ಯೇಸುಸ್ವಾಮಿ ಏನ್ ಮಾಡ್ತಿದ್ರಿ?"

"ಮನ್ಯಾಗ ಬಡಗಿ ಕೆಲಸ ಮಾಡ್ತಿದ್ದಪಾ."

"ಅಷ್ಟ ಏನ್ರಿ?" ಎಂದು ಅವನು ಮುಖ ಸಣ್ಣದು ಮಾಡಿಕೊಂಡು ಕುಳಿತ.