ಗೃಹಶಿಕ್ಷಣವೂ ಸಹಪಂಕ್ತಿಯೂ

ಮಗುವಿಗೆ ಮನೆಯೇ ಮೊದಲ ಪಾಠಶಾಲೆ, ತಾಯಿಯೇ ಮೊದಲ ಗುರು ಎಂಬ ಮಾತು ಶಾಲೆಗಳ ವಾರ್ಷಿಕೋತ್ಸವದ ವೇದಿಕೆಯಿಂದ ಕೇಳಿಬರದ ವರ್ಷವಿಲ್ಲ. ಸಭಿಕರು ತಲೆದೂಗುತ್ತಾರೆ; ಮಾತು ಅಲ್ಲಿಗೇ ಮುಗಿಯುತ್ತದೆ. ಆದರೆ ಆ ಮಾತನ್ನು ನಿಜವೆಂದೇ ನಂಬಿ, ಮೊದಲ ಪಾಠಶಾಲೆಯೇ ಹತ್ತು ಹನ್ನೆರಡು ವರ್ಷಗಳ ಪಾಠಶಾಲೆಯೂ ಆಗಲೆಂದು ಸಂಕಲ್ಪಿಸಿದ ತಂದೆತಾಯಿಗಳು ಎದುರಿಗೆ ಬಂದು ನಿಂತರೆ, ಅವರನ್ನು ಹೇಗೆ ಬರಮಾಡಿಕೊಳ್ಳಬೇಕೆಂಬುದು ಶಾಲೆಗೆ ತಿಳಿಯದು. ಇಲ್ಲಿ ಪ್ರಸ್ತಾಪಿಸುತ್ತಿರುವುದು ಶಾಲೆ ಬಿಟ್ಟ ಮೇಲೆ ಸಂಜೆ ನಡೆಯುವ ಮನೆಪಾಠವನ್ನಲ್ಲ; ಮಗುವನ್ನು ಶಾಲೆಗೆ ಸೇರಿಸದೆ ವಿದ್ಯಾಭ್ಯಾಸದ ಸಂಪೂರ್ಣ ಹೊಣೆಯನ್ನು ಮನೆಯವರೇ ಹೊರುವ ಗೃಹಶಿಕ್ಷಣವನ್ನು.

ಮಠದ ಆಶ್ರಯದಲ್ಲಿ ನಡೆಯುವ ಶಾಲೆಗೆ ಈ ವಿಚಾರ ದೂರದ್ದೇನೂ ಅಲ್ಲ. ಓದಿಗೆ ಅನುಕೂಲವಿಲ್ಲದ ಮನೆಗಳಿಂದ ಮಕ್ಕಳನ್ನು ಕರೆತಂದು ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹವನ್ನು ನಡೆಸಿಕೊಂಡು ಬಂದುದು ನಾಡಿನ ಮಠಗಳ ಚರಿತ್ರೆ. 2019ರ ಜನವರಿಯಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರ ದೀರ್ಘ ಜೀವಿತವೇ ಇದಕ್ಕೆ ಸಾಕ್ಷಿ. ಶಾಲೆ ಇರದಿದ್ದರೆ ತಮಗೆ ಬಾಳೇ ಇರುತ್ತಿರಲಿಲ್ಲವೆಂದು ಹೇಳುವ ಹಳೆಯ ವಿದ್ಯಾರ್ಥಿಗಳು ಈ ಪರಂಪರೆಯ ಹೆಮ್ಮೆ. ಹೀಗಿರುವಾಗ ‘ಶಾಲೆ ಬೇಡ, ಮನೆಯೇ ಸಾಕು’ ಎನ್ನುವ ಕುಟುಂಬವನ್ನು ಕಂಡು ಅಸಮಾಧಾನವಾಗುವುದು ಸಹಜ. ಆದರೆ ಅಸಮಾಧಾನ ತೀರ್ಪಾಗಬಾರದು. ಅವರ ದಿನಚರಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು.

ಬೆಳ್ತಂಗಡಿ ತಾಲೂಕಿನ ಘಟ್ಟದ ತಪ್ಪಲಿನಲ್ಲಿ ಅಡಿಕೆ ತೋಟದ ನಡುವಿನ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಮನೆಯ ಮಾತು ತುಳು. ಎಂಟು ವರ್ಷದ ಮಗಳು, ಐದು ವರ್ಷದ ಮಗ. ಬೆಳಗ್ಗೆ ಹಟ್ಟಿಯ ಕೆಲಸ ಮುಗಿಸಿ ಬಂದ ತಾಯಿಯ ಮುಂದೆ ಮೊದಲು ನಿಲ್ಲುವುದು ಪುಸ್ತಕವಲ್ಲ, ಪ್ರಶ್ನೆ. ಮೊದಲ ಅಕ್ಷರ ಯಾವ ಭಾಷೆಯದು? ಆಡುವ ತುಳುವಿನ ಬೆನ್ನಿಗೆ ಕನ್ನಡವೋ, ಪೇಟೆಯ ಶಾಲೆಗಳನ್ನು ನೋಡಿ ಇಂಗ್ಲಿಷೋ? ಇಂದು ಲೆಕ್ಕಕ್ಕೆ ಮುಖ ತಿರುಗಿಸಿದ ಮಗುವನ್ನು ಗದರಿಸಿ ಕೂರಿಸಬೇಕೋ, ನಾಳೆಗೆ ಬಿಡಬೇಕೋ? ತಾನೇ ಶಾಲೆಯಲ್ಲಿ ಅರೆಬರೆ ಕಲಿತ ಭಿನ್ನರಾಶಿಯನ್ನು ಮಗಳಿಗೆ ಕಲಿಸುವ ಯೋಗ್ಯತೆ ತನಗುಂಟೇ? ಮಗಳು ನಿಜವಾಗಿ ಕಲಿತಿದ್ದಾಳೋ, ತಾಯಿಯ ಮುಖ ನೋಡಿ ಉತ್ತರ ಹೇಳುತ್ತಿದ್ದಾಳೋ? ಈ ನಡುವೆ ಅಂಗಳಕ್ಕೆ ಬಂದ ನೆಂಟರು ಕೇಳುವುದು ಒಂದೇ: ‘ಮಕ್ಕಳನ್ನು ಇನ್ನೂ ಶಾಲೆಗೆ ಹಾಕಲಿಲ್ಲವೇ?’

ಶಿಕ್ಷಕವೃತ್ತಿಯವರು ಈ ಪ್ರಶ್ನೆಗಳನ್ನು ಇನ್ನೊಮ್ಮೆ ಓದಿದರೆ ಇವು ತಮ್ಮವೇ ಪ್ರಶ್ನೆಗಳೆಂಬುದು ಹೊಳೆಯದಿರದು. ವ್ಯತ್ಯಾಸವಿಷ್ಟೇ: ನಲವತ್ತು ಮಕ್ಕಳ ತರಗತಿಯಲ್ಲಿ ಗಂಟೆ ಬಾರಿಸಿದೊಡನೆ ಪ್ರಶ್ನೆ ಮುಂದಕ್ಕೆ ಹೋಗುತ್ತದೆ, ಮನೆಯಲ್ಲಿ ಅದು ರಾತ್ರಿಯ ಊಟದವರೆಗೂ ಕುಳಿತಿರುತ್ತದೆ.

ಮನೆಯಲ್ಲಿ ಕಲಿಸಲು ಸಾಮಗ್ರಿಗೆ ಕೊರತೆಯೇ? ಈ ಸೀಮೆಯಲ್ಲಿ ಹಾಗೆನ್ನಲಾಗದು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ತಗಲದಂತೆ ಬೋರ್ಡೋ ಮದ್ದು ಸಿಂಪಡಿಸುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಇಪ್ಪತ್ತೈದು ಲೀಟರಿಗೆ ಎಷ್ಟೆಂದು ಕೇಳಿದ ಕ್ಷಣದಲ್ಲಿ ಪ್ರಮಾಣದ ಪಾಠ ಆರಂಭವಾಯಿತು. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಬೆರೆಸುವುದೇಕೆಂದು ಕೇಳಿದರೆ ರಸಾಯನಶಾಸ್ತ್ರ. ಬಂಟ್ವಾಳದ ಪೇಟೆಯಲ್ಲಿ 1923 ಮತ್ತು 1974ರ ನೆರೆಯ ನೀರು ಎಲ್ಲಿಯವರೆಗೆ ಏರಿತ್ತೆಂದು ಹಿರಿಯರಿಂದ ಕೇಳಿ ಬರೆದುಕೊಂಡ ಹುಡುಗನಿಗೆ ನೇತ್ರಾವತಿ ಭೂಪಟದ ನೀಲಿ ಗೆರೆಯಾಗಿ ಉಳಿಯುವುದಿಲ್ಲ. ಟಿಪ್ಪು ಸುಲ್ತಾನ 1794ರಲ್ಲಿ ಕಟ್ಟಿಸಿದ ಜಮಾಲಾಬಾದ್ ಕೋಟೆಯನ್ನು ಹೊತ್ತ ಗಡಾಯಿಕಲ್ಲು, 1604ರಲ್ಲಿ ಪ್ರತಿಷ್ಠಾಪನೆಗೊಂಡ ವೇಣೂರಿನ ಬಾಹುಬಲಿ, 1430ರ ಮೂಡುಬಿದಿರೆಯ ಸಾವಿರ ಕಂಬದ ಬಸದಿ: ಇವೆಲ್ಲವೂ ಈ ಸೀಮೆಯ ಚರಿತ್ರೆಯ ತೆರೆದ ಪುಟಗಳು. ಪುಸ್ತಕಗಳೂ ಉಂಟು. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಶಿಕ್ಷಕರೂ ಶಾಲಾ ತನಿಖಾಧಿಕಾರಿಗಳೂ ಆಗಿದ್ದವರು. ಆದರೂ ಅವರ ಮಕ್ಕಳ ಪದ್ಯಗಳು ಶಾಲೆಯ ಗೋಡೆಯನ್ನು ದಾಟಿ ತಾಯಂದಿರ ಬಾಯಿಗೆ ಬಂದವು. ಪುತ್ತೂರಿನ ಬಾಲವನದಲ್ಲಿ ಶಿಕ್ಷಣದ ಪ್ರಯೋಗಗಳನ್ನು ನಡೆಸಿದ ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಕೊಟ್ಟುದು ಮಗು ತಾನಾಗಿ ಓದಿ ತಿಳಿಯಬಲ್ಲದೆಂಬ ವಿಶ್ವಾಸದಿಂದಲೇ.

ಗೃಹಶಿಕ್ಷಣ ಹೊಸ ಕಾಲದ ಹುಚ್ಚೆನ್ನುವುದೂ ಸರಿಯಲ್ಲ. ಸರ್ಕಾರಿ ಶಾಲೆಗಳು ಹರಡುವುದಕ್ಕೆ ಮುಂಚೆ ದಕ್ಷಿಣ ಕನ್ನಡದ ಮಕ್ಕಳು ಅಕ್ಷರ ಕಲಿತದ್ದು ಐಗಳ ಮಠಗಳಲ್ಲಿ. ಯಾರದೋ ಮನೆಯ ಜಗಲಿ, ಮರಳಿನ ಮೇಲೆ ಬೆರಳಿನಿಂದ ತಿದ್ದಿದ ಅಕ್ಷರ, ಬಾಯಿಪಾಠದ ಮಗ್ಗಿ. ಆ ಜಗಲಿಗಳ ಹೆಸರಿನಲ್ಲಿಯೇ ‘ಮಠ’ವೆಂಬ ಶಬ್ದವಿತ್ತು. ಆದರೆ ಆ ಜಗಲಿಯಲ್ಲಿ ಒಂದಲ್ಲ, ಹತ್ತು ಮನೆಗಳ ಮಕ್ಕಳು ಕೂರುತ್ತಿದ್ದರೆಂಬುದನ್ನು ಮರೆಯಬಾರದು; ಆ ಜಗಲಿಯನ್ನು ಏರಲಾಗದ ಮಕ್ಕಳು ಊರ ತುಂಬ ಇದ್ದರೆಂಬುದನ್ನಂತೂ ಮರೆಯಲೇಬಾರದು. ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತರ ಮಕ್ಕಳಿಗಾಗಿ ಶಾಲೆ ತೆರೆದು, 1897ರಲ್ಲಿ ಅದಕ್ಕೆಂದೇ ಒಂದು ಸಂಸ್ಥೆಯನ್ನು ಕಟ್ಟಬೇಕಾಗಿ ಬಂದುದು ಈ ಕಾರಣದಿಂದ. ಮಂಗಳೂರಿನ ಸಮೀಪದ ಹರೇಕಳದ ಹಾಜಬ್ಬನವರು ಕಿತ್ತಳೆ ಮಾರಿದ ಹಣದಿಂದ ಊರಿಗೆ ಶಾಲೆ ತಂದುದೂ, 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾದುದೂ ನಾಡಿಗೆಲ್ಲ ತಿಳಿದ ಸಂಗತಿ. ಅವರಿಗೆ ಅಕ್ಷರ ಕಲಿಸಬಲ್ಲ ಮನೆಯಿರಲಿಲ್ಲ, ಶಾಲೆಯೂ ಇರಲಿಲ್ಲ. ಮನೆಯೋ ಶಾಲೆಯೋ ಎಂದು ಆರಿಸಿಕೊಳ್ಳುವ ಅವಕಾಶವೇ ಒಂದು ಸಂಪತ್ತೆಂಬುದನ್ನು ಗೃಹಶಿಕ್ಷಣದ ತಂದೆತಾಯಿಗಳು ನೆನಪಿನಲ್ಲಿಡಬೇಕು.

ಈ ಸತ್ಯ ಎಲ್ಲರ ಕಣ್ಣಿಗೂ ಬಿದ್ದುದು 2020ರಲ್ಲಿ. ಆ ವರ್ಷದ ಮಾರ್ಚಿಯಲ್ಲಿ ಕೊರೋನಾ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ ಬಯಸದಿದ್ದವರ ಮನೆಗಳೂ ಶಾಲೆಗಳಾದವು. ಪುಸ್ತಕ, ಪುರುಸೊತ್ತು, ಓದು ಬಲ್ಲ ಹಿರಿಯರು ಇದ್ದ ಮನೆಗಳ ಮಕ್ಕಳು ಹೇಗೋ ದಡ ಸೇರಿದರು. ಘಟ್ಟದ ತಪ್ಪಲಿನ ಊರುಗಳಲ್ಲಿ ಮೊಬೈಲಿನ ನೆಟ್‌ವರ್ಕ್ ಅರಸಿ ಗುಡ್ಡ ಹತ್ತಿದ ಮಕ್ಕಳಿಗೆ ಶಾಲೆಯ ಬೆಲೆ ಏನೆಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೂಲಿಗೆ ಹೋಗುವ ತಾಯಿಗೆ ಮಗುವಿನ ಮಧ್ಯಾಹ್ನದ ಊಟವೂ ಶಾಲೆಯದೇ. ರಾಜ್ಯದಲ್ಲಿ 2002ರಲ್ಲಿ ಆರಂಭವಾದ ಬಿಸಿಯೂಟದ ಯೋಜನೆಗೆ ‘ಅಕ್ಷರ ದಾಸೋಹ’ವೆಂದು ಶರಣರ ಶಬ್ದವನ್ನೇ ಇಟ್ಟುದು ಎಷ್ಟು ಉಚಿತವೆಂದು ಆಗ ತಿಳಿಯಿತು.

ಇನ್ನು ಕಾನೂನಿನ ಪ್ರಶ್ನೆ. 2002ರ ಎಂಬತ್ತಾರನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 21ಎ ಅನುಚ್ಛೇದವು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣದ ಹಕ್ಕನ್ನು ಕೊಟ್ಟಿತು. ಅದನ್ನು ಜಾರಿಗೆ ತಂದ 2009ರ ಅಧಿನಿಯಮವು 2010ರ ಏಪ್ರಿಲ್ 1ರಿಂದ ನಡೆಯುತ್ತಿದೆ. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯವೆಂದು ಅದರ ಹತ್ತನೆಯ ಕಲಂ ಹೇಳುತ್ತದೆ. ಸೇರಿಸದವರಿಗೆ ಆ ಅಧಿನಿಯಮ ದಂಡನೆಯನ್ನು ವಿಧಿಸಿಲ್ಲ. ಗೃಹಶಿಕ್ಷಣವನ್ನು ಹೆಸರಿಸಿ ಒಪ್ಪಿಯೂ ಇಲ್ಲ, ಹೆಸರಿಸಿ ನಿಷೇಧಿಸಿಯೂ ಇಲ್ಲ. ಈ ಮಬ್ಬಿನಲ್ಲಿ ನಡೆಯುವವರಿಗೆ ಎರಡು ಆಸರೆಗಳುಂಟು. ಒಂದು, ಅದೇ ಅಧಿನಿಯಮದ ನಾಲ್ಕನೆಯ ಕಲಂ: ಶಾಲೆಗೆ ಸೇರದೆ ಉಳಿದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಇತರರ ಸಮಕ್ಕೆ ಬರುವಂತೆ ವಿಶೇಷ ತರಬೇತಿ ಕೊಡಬೇಕೆಂಬ ವಿಧಿ. ಮನೆಯಿಂದ ಶಾಲೆಗೆ ಮರಳುವ ದಾರಿ ಮುಚ್ಚಿಲ್ಲ. ಎರಡು, 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆಯೆಂದು ಹುಟ್ಟಿ, ಈಗ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯೆನಿಸಿರುವ ಕೇಂದ್ರದ ವ್ಯವಸ್ಥೆ. ಹದಿನಾಲ್ಕು ತುಂಬಿದವರು ಐದು ವಿಷಯಗಳನ್ನು ಆರಿಸಿಕೊಂಡು ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಗೆ ಕೂರಬಹುದು. ಆದ್ದರಿಂದ ‘ಸರ್ಟಿಫಿಕೇಟಿಗೆ ಏನು ಗತಿ?’ ಎಂಬ ನೆಂಟರ ಪ್ರಶ್ನೆಗೆ ಉತ್ತರವಿದೆ.

ಉತ್ತರವಿಲ್ಲದ ಪ್ರಶ್ನೆ ಬೇರೆಯೇ ಇದೆ. ಮಗು ಯಾರ ಪಕ್ಕದಲ್ಲಿ ಕುಳಿತು ಕಲಿಯಬೇಕು?

ಶರಣಧರ್ಮದ ಒಂದು ಸೂಕ್ಷ್ಮ ಇಲ್ಲಿ ದಾರಿ ತೋರಬಲ್ಲದು. ಇಷ್ಟಲಿಂಗದ ಪೂಜೆ ಅವರವರ ಅಂಗೈಯಲ್ಲಿ, ಅವರವರ ಮನೆಯಲ್ಲಿ, ಏಕಾಂತದಲ್ಲಿ ನಡೆಯುವುದು. ನಡುವೆ ಮತ್ತೊಬ್ಬರಿಲ್ಲ. ಅಷ್ಟೇ ಸಾಕಾಗಿದ್ದರೆ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅನುಭವ ಮಂಟಪದ ಅಗತ್ಯವೇ ಬೀಳುತ್ತಿರಲಿಲ್ಲ. ದೋಣಿ ನಡೆಸುವವರು, ಬಟ್ಟೆ ಒಗೆಯುವವರು, ಪಾದರಕ್ಷೆ ಹೊಲಿಯುವವರು, ಮಂತ್ರಿ, ಬ್ರಾಹ್ಮಣ ಕುಲದಿಂದ ಬಂದವರು, ಸ್ತ್ರೀಯರು ಒಟ್ಟಿಗೆ ಕುಳಿತು ಪ್ರಶ್ನಿಸಿದರು, ಒರೆಗೆ ಹಚ್ಚಿದರು. ಏಕಾಂತದಲ್ಲಿ ಕಂಡುದು ಗೋಷ್ಠಿಯಲ್ಲಿ ನಿಂತರೆ ಮಾತ್ರ ಅನುಭಾವ. ವಿದ್ಯೆಗೂ ಇದೇ ನ್ಯಾಯ. ಮಗುವಿನ ಅಂಗೈಯಲ್ಲಿ ಅರಿವನ್ನು ಇರಿಸುವ ಕೆಲಸವನ್ನು ಮನೆ ಮಾಡಬಲ್ಲದು, ಕೆಲವೊಮ್ಮೆ ಶಾಲೆಗಿಂತ ಚೆನ್ನಾಗಿಯೇ ಮಾಡಬಲ್ಲದು. ಅದನ್ನು ನಾಲ್ವರ ನಡುವೆ ಒರೆಗೆ ಹಚ್ಚುವ ಕೆಲಸ ಮನೆಯಿಂದಾಗದು. ಮನೆಯಲ್ಲಿ ತೀರ್ಪುಗಾರರೂ ತಂದೆತಾಯಿಗಳೇ, ಪಕ್ಷಪಾತಿಗಳೂ ಅವರೇ.

ಮೂಡುಬಿದಿರೆಯ ಚರಿತ್ರೆಯಲ್ಲಿಯೂ ಇದಕ್ಕೊಂದು ನಿದರ್ಶನವಿದೆ. ಜೈನ ಸಿದ್ಧಾಂತದ ಮಹಾಗ್ರಂಥಗಳಾದ ಧವಲಾದಿಗಳ ತಾಡವಾಲೆಗಳನ್ನು ಅಲ್ಲಿಯ ಬಸದಿ ಶತಮಾನಗಳ ಕಾಲ ಜೋಪಾನ ಮಾಡಿತು. ಆ ಜೋಪಾನವಿಲ್ಲದಿದ್ದರೆ ಗ್ರಂಥಗಳೇ ಉಳಿಯುತ್ತಿರಲಿಲ್ಲ. ಆದರೆ ಅವುಗಳ ಪ್ರತಿಗಳು ಹೊರಗೆ ಬಂದು, 1939ರಿಂದ ಅಚ್ಚಾಗತೊಡಗಿದ ಮೇಲಷ್ಟೇ ವಿದ್ವತ್ತಿನ ಲೋಕ ಅವನ್ನು ಓದಿತು. ಕಾಪಾಡುವುದು ಒಂದು ಪುಣ್ಯ, ಬೆಳಕಿಗೆ ತರುವುದು ಇನ್ನೊಂದು. ಮಗುವನ್ನು ಮನೆಯಲ್ಲಿ ಜೋಪಾನವಾಗಿ ಬೆಳೆಸುವವರು ಎರಡನೆಯದಕ್ಕೂ ಮುಹೂರ್ತ ಗೊತ್ತುಮಾಡಬೇಕು.

ಆದ್ದರಿಂದ ಗೃಹಶಿಕ್ಷಣದ ತಂದೆತಾಯಿಗಳು ಪಾಠದ ಪುಸ್ತಕಕ್ಕಿಂತ ಮೊದಲು ತಮ್ಮ ಸಂಕಲ್ಪವನ್ನೇ ಪರೀಕ್ಷಿಸಿಕೊಳ್ಳುವುದು ಯೋಗ್ಯ. ಮಗುವಿಗೆ ಹೆಚ್ಚಿನ ಗಮನ ಕೊಡಬೇಕೆಂದು ಮನೆಯಲ್ಲಿ ಇರಿಸಿಕೊಂಡಿದ್ದರೆ, ಕಾಯಿಲೆಯ ಮಗುವಿಗೆ ಶಾಲೆಯ ದೂರ ಭಾರವೆಂದು ಇರಿಸಿಕೊಂಡಿದ್ದರೆ, ತರಗತಿಯ ಓಟಕ್ಕೆ ಹೊಂದದ ಮಗುವನ್ನು ಅದರ ನಡಿಗೆಯಲ್ಲಿ ನಡೆಸಬೇಕೆಂದು ಇರಿಸಿಕೊಂಡಿದ್ದರೆ, ಅದು ಕಾಯಕವೇ ಸರಿ. ಕೂಲಿಕಾರರ ಮಗುವಿನ ಪಕ್ಕದಲ್ಲಿ, ಅನ್ಯಜಾತಿಯ ಅನ್ಯಮತದ ಮಗುವಿನ ಪಕ್ಕದಲ್ಲಿ ತಮ್ಮ ಮಗು ಕೂರಬಾರದೆಂಬ ಆಸೆ ಅದರ ತಳದಲ್ಲಿ ಎಲ್ಲಿಯಾದರೂ ಅಡಗಿದ್ದರೆ, ಪಾಠ ಎಷ್ಟೇ ಸೊಗಸಾಗಿ ನಡೆದರೂ ಅದು ಹಿಂದಿನ ಜಗಲಿಯ ಬೇಲಿಯೇ. ತಾಯಿಯ ಹೊರೆಯೂ ಗಣನೆಗೆ ಬರಬೇಕು. ‘ಮನೆಯಲ್ಲಿ ಕಲಿಸುತ್ತೇವೆ’ ಎಂಬ ಬಹುವಚನದ ಹಿಂದೆ ಬಹುಪಾಲು ಕಡೆ ಒಬ್ಬಳೇ ದುಡಿಯುತ್ತಿರುತ್ತಾಳೆ. ಅವಳ ಓದು, ಉದ್ಯೋಗ, ವಿಶ್ರಾಂತಿಗಳೂ ಆ ನಿರ್ಧಾರದ ಲೆಕ್ಕಕ್ಕೆ ಸೇರಬೇಕು.

ಶಾಲೆಯ ಕರ್ತವ್ಯವೂ ಕಡಿಮೆಯದಲ್ಲ. ದಾಖಲಾತಿಯ ಪುಸ್ತಕದಲ್ಲಿ ಹೆಸರಿಲ್ಲದ ಮಗು ಶಾಲೆಗೆ ಪರಕೀಯವಾಗಬಾರದು. ಗ್ರಂಥಭಂಡಾರದ ಒಂದು ಬೆಂಚು, ಪ್ರಯೋಗಾಲಯದ ಒಂದು ಶನಿವಾರ, ಆಟದ ಬಯಲಿನ ಒಂದು ಸಂಜೆ, ಭಜನೆ ಮತ್ತು ದಾಸೋಹದ ಪಂಕ್ತಿಯಲ್ಲಿ ಒಂದು ಎಲೆ: ಇಷ್ಟನ್ನು ಅಂಥ ಮಗುವಿಗೆ ಕೊಟ್ಟರೆ ಶಾಲೆಗೆ ಕೊರತೆಯಾಗದು. ಮಗುವಿನ ಓದನ್ನು ವರ್ಷಕ್ಕೊಮ್ಮೆ ಸ್ನೇಹದಿಂದ ನೋಡಿ ಹೇಳುವ ಅಧ್ಯಾಪಕರು ಒಬ್ಬರಿದ್ದರೆ ತಾಯಿಯ ಅರ್ಧ ಚಿಂತೆ ಇಳಿಯುತ್ತದೆ. ದಾನಿಗಳು ಕಟ್ಟಡಕ್ಕೆ ಕೊಡುವಂತೆಯೇ ಎಲ್ಲರಿಗೂ ತೆರೆದ ಗ್ರಂಥಭಂಡಾರಕ್ಕೂ ಕೊಟ್ಟರೆ ದಾಸೋಹದ ಅರ್ಥ ಇನ್ನೂ ವಿಶಾಲವಾಗುತ್ತದೆ. ಶಾಲೆಯೂ ಆ ಮನೆಯಿಂದ ಒಂದನ್ನು ಕಲಿಯಲಿ: ಗಂಟೆ ಬಾರಿಸಿದ ಮಾತ್ರಕ್ಕೆ ಮಗುವಿನ ಪ್ರಶ್ನೆ ಮುಗಿಯುವುದಿಲ್ಲವೆಂಬುದನ್ನು.

ಮಗು ಮನೆಯಲ್ಲಿ ಕಲಿಯಿತೋ ಶಾಲೆಯಲ್ಲಿ ಕಲಿಯಿತೋ ಎಂಬುದನ್ನು ಮುಂದೊಂದು ದಿನ ಲೋಕ ಕೇಳದು. ಪಂಕ್ತಿಯಲ್ಲಿ ಪಕ್ಕದವರ ಎಲೆಗೆ ಬಡಿಸಿತೇ ಎಂದು ನೋಡಿದ ಮೇಲೆ ತನ್ನ ತುತ್ತಿಗೆ ಕೈಯಿಡುವ ಅಭ್ಯಾಸ ಅದಕ್ಕಿದೆಯೇ ಎಂಬುದನ್ನು ಮಾತ್ರ ನೋಡುತ್ತದೆ. ಆ ಅಭ್ಯಾಸವನ್ನು ಕಲಿಸುವುದಕ್ಕೆ ಮನೆಯೊಂದೇ ಸಾಲದು, ಶಾಲೆಯೊಂದೇ ಸಾಲದು. ಎರಡರ ನಡುವಿನ ಬಾಗಿಲು ತೆರೆದಿರಬೇಕು.