ಟಿಕೆಟ್ ಉಚಿತ, ಫುಟ್‌ಪಾತ್ ಎಲ್ಲಿ?

ಹೋದ ಮಳೆಗಾಲದಲ್ಲಿ ಅಮ್ಮ ಶಿರಾದಿಂದ ನನ್ನ ಹಾಸ್ಟೆಲಿಗೆ ಬಂದಳು. ಎರಡು ಬಸ್ಸು, ಎರಡರಲ್ಲೂ ಸೊನ್ನೆ ರೂಪಾಯಿಯ ಟಿಕೆಟ್ಟು. ಬಸ್‌ಸ್ಟಾಪಿನಿಂದ ನಮ್ಮ ಗೇಟಿಗೆ ಇನ್ನೂರು ಹೆಜ್ಜೆ. ಅಷ್ಟರಲ್ಲೇ ಚರಂಡಿಯ ಚಪ್ಪಡಿ ಅಲುಗಾಡಿ, ಬಿದ್ದು, ಮಣಿಕಟ್ಟು ಮುರಿದುಕೊಂಡಳು. ಹೂವು ಕಟ್ಟಿ ಬದುಕುವವಳ ಬಲಗೈ ಆರು ವಾರ ಪ್ಲಾಸ್ಟರಿನಲ್ಲಿ. ನೋಡಲು ಬಂದವರೆಲ್ಲ ಹೇಳಿದ್ದು ಒಂದೇ: ‘ನೋಡ್ಕೊಂಡು ನಡೀಬೇಕಿತ್ತು.’

ಈ ಮಾತಿಗೇ ನನ್ನ ತಕರಾರು. ಕಾರಿನ ಚಕ್ರ ಗುಂಡಿಗೆ ಇಳಿದರೆ ತಪ್ಪು ಸರ್ಕಾರದ್ದು. ನಡೆಯುವವಳು ಬಿದ್ದರೆ ತಪ್ಪು ಅವಳದ್ದು!

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯನ್ನು ಹಂಗಿಸುವವರ ಗುಂಪಿಗೆ ನಾನು ಸೇರಿದವನಲ್ಲ. ಅಮ್ಮ ಯಾರನ್ನೂ ಕೇಳದೆ ಊರು ಬಿಟ್ಟು ಹೊರಡುವಂತಾದದ್ದೇ ಅದರಿಂದ. ಆದರೆ ಬಸ್ ಪ್ರಯಾಣ ಶುರುವಾಗುವುದು ಕಾಲಿನಿಂದ, ಮುಗಿಯುವುದೂ ಕಾಲಿನಲ್ಲೇ. ವಸತಿ ಪ್ರದೇಶದಲ್ಲೂ ನಡೆಯಲು ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಜಾಗ ಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಹೇಳುತ್ತದೆ. ನಮ್ಮ ರಸ್ತೆಯಲ್ಲಿ ಆ ಜಾಗ ತಿಂದಿರುವುದು ಟ್ರಾನ್ಸ್‌ಫಾರ್ಮರು, ಕೇಬಲ್ ಸುರುಳಿ, ನಿಲ್ಲಿಸಿದ ಕಾರುಗಳು. ಎತ್ತಂಗಡಿಯಾಗುವುದು ಮಾತ್ರ ಸೊಪ್ಪು ಮಾರುವ ಅಜ್ಜಿ.

ದುಡ್ಡಿಲ್ಲ ಎನ್ನಬೇಡಿ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಸೇತುವೆ ಎಂದರು. ಜಂಗಮವನ್ನು ಎತ್ತಿಹಿಡಿದವನ ಹೆಸರಿನ ವೃತ್ತದಿಂದ ಅಂಥ ಸ್ಥಾವರ! ಜನ ಕೈಕೈ ಹಿಡಿದು ಬೀದಿಗಿಳಿದರು, ಮರುವರ್ಷ ಕೈಬಿಟ್ಟರು. ಈಗ ಅದೇ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ ಎನ್ನುತ್ತಿದ್ದಾರೆ. ಅಂದಾಜು ವೆಚ್ಚ ಸಾವಿರಾರು ಕೋಟಿ. ಮೇಲೆ ಬೇಡವೆಂದದ್ದು ನೆಲದಡಿ ಬಂತು.

‘ಮೊದಲು ಬಸ್ಸು ಸರಿಹೋಗಲಿ, ಆಮೇಲೆ ಕಾರು ಬಿಡುತ್ತೇವೆ’ ಎನ್ನುವವರಿದ್ದಾರೆ. ಬಸ್ಸು ತಡವಾಗುವುದೇ ನಿಮ್ಮ ಕಾರಿನ ಹಿಂದೆ ನಿಂತು, ಸ್ವಾಮಿ. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು ಬಸ್ಸಿಗೆ ಪ್ರತ್ಯೇಕ ಪಥ ಕೊಟ್ಟಿದ್ದರು. ಅದಕ್ಕೆ ಸುರಂಗ ಕೊರೆಯಬೇಕಿರಲಿಲ್ಲ. ಮೆಟ್ರೋ ಕಾಮಗಾರಿ ಬಂದಾಗ ಮೊದಲು ಹೋದದ್ದು ಆ ಪಥವೇ.

ನಮ್ಮ ಸಾಹಿತ್ಯದವರೂ ಕಡಿಮೆಯಿಲ್ಲ. ನಗರ ಸಂವೇದನೆಯ ಬಗ್ಗೆ ಗೋಷ್ಠಿ ನಡೆಸುತ್ತೇವೆ, ಆಹ್ವಾನ ಪತ್ರಿಕೆಯಲ್ಲಿ ‘ಪಾರ್ಕಿಂಗ್ ಸೌಲಭ್ಯವಿದೆ’ ಎಂದು ಅಚ್ಚು ಹಾಕಿಸುತ್ತೇವೆ. ಯಾವ ಬಸ್ಸು, ಯಾವ ಸ್ಟಾಪು ಎಂದು ಬರೆಯುವುದಿಲ್ಲ. ನಾನೂ ಸಾಚಾ ಅಲ್ಲ. ಲೈಬ್ರರಿಗೆ ಹೋಗುತ್ತಿದ್ದ ಸೈಕಲ್ಲನ್ನು ಎರಡು ಸಲ ಬಿದ್ದ ಮೇಲೆ ಗುಜರಿಗೆ ಹಾಕಿ ಸೆಕೆಂಡ್‌ಹ್ಯಾಂಡ್ ಸ್ಕೂಟರ್ ಕೊಂಡೆ. ಈಗ ನಾನೂ ಯಾರದೋ ಅಮ್ಮನಿಗೆ ಹಾರ್ನ್ ಹೊಡೆಯುತ್ತೇನೆ.

ಕೇಳಬೇಕಾದದ್ದು ದೊಡ್ಡದೇನಲ್ಲ. ಸುರಂಗಕ್ಕೆ ಮೊದಲು, ಪ್ರತಿ ಬಸ್‌ಸ್ಟಾಪಿನ ಸುತ್ತ ಅರ್ಧ ಕಿಲೋಮೀಟರ್ ಗಟ್ಟಿ ಫುಟ್‌ಪಾತ್. ದೊಡ್ಡ ರಸ್ತೆಗಳಲ್ಲಿ ಬಸ್ಸಿಗೂ ಸೈಕಲ್ಲಿಗೂ ಒಂದೊಂದು ಪಥ. ವೋಟು ಕೇಳಲು ಬಂದವರಿಗೆ ಇದಿಷ್ಟು ಕೇಳಿ. ದೀಪಾವಳಿಗೆ ಬಾ ಎಂದರೆ ಅಮ್ಮ, ‘ಬಸ್ಸಿಗೇನೋ ಬರ್ತೀನಪ್ಪ, ಇಳಿದ ಮೇಲೆ ಏನ್ ಮಾಡ್ಲಿ?’ ಎನ್ನುತ್ತಾಳೆ.