ಹಳೆಯ ಕಡತಗಳಲ್ಲಿ ಒಕ್ಕಲಿನ ಹೆಸರು

ಕಂದಾಯ ಇಲಾಖೆಯು 2024ರಲ್ಲಿ ಆರಂಭಿಸಿದ ‘ಭೂ ಸುರಕ್ಷಾ’ ಯೋಜನೆಯಡಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸಲಾಗುತ್ತಿದೆ. ದಾಖಲೆ ತಿದ್ದುವವರ ಕೈ ಕಟ್ಟುವುದು ಇದರ ಉದ್ದೇಶ, ಸ್ವಾಗತಾರ್ಹ. ಆದರೆ ಉಡುಪಿ, ಕಾಪು, ಕಾರ್ಕಳದ ಮಟ್ಟಿಗೆ ಇವು ಬರೀ ಆಸ್ತಿಪತ್ರಗಳಲ್ಲ, ಮನೆತನಗಳ ಚರಿತ್ರೆಯೂ ಹೌದು.

ಮದ್ರಾಸ್ ಪ್ರಾಂತ್ಯದ ಕಾಲದ ಅಡಂಗಲ್‌ನಲ್ಲಿ ಸಿಗುವುದು ಮುಖ್ಯವಾಗಿ ವರ್ಗದಾರನ ಹೆಸರು. ಅಳಿಯಸಂತಾನದ ಮನೆಗಳಲ್ಲಿ ಆತ ಹೆಚ್ಚಾಗಿ ಕುಟುಂಬದ ಯಜಮಾನ. ಅವನ ಮಕ್ಕಳಾದರೋ ತಮ್ಮ ತಾಯಿಯ ಕುಟುಂಬಕ್ಕೆ ಸೇರಿದವರು. ತಂದೆಯಿಂದ ಮಗನಿಗೆ ಗೆರೆ ಎಳೆಯುತ್ತ ಹೋದವರು ಇಲ್ಲಿ ದಾರಿ ತಪ್ಪುವುದು ಖಚಿತ. ನೆರವಾಗುವುದು ನೋಂದಣಿ ಕಚೇರಿಯ ವಿಭಾಗಪತ್ರ: 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯ ತರುವಾಯ ಕವರುಗಳಾಗಿ ಪಾಲಾದ ಕುಟುಂಬಗಳ ಹೆಂಗಸರ ಹೆಸರುಗಳು ಅದರಲ್ಲಿವೆ.

ವರ್ಗಭೂಮಿಯೇ ಇಲ್ಲದವರ ಪಾಡೇನು? ಚಾಲಗೇಣಿಯ ಒಕ್ಕಲುಗಳು 1974ರ ಭೂಸುಧಾರಣಾ ತಿದ್ದುಪಡಿಯ ಬಳಿಕ ಭೂನ್ಯಾಯಮಂಡಳಿಗೆ 7ನೇ ನಮೂನೆಯ ಅರ್ಜಿ ಸಲ್ಲಿಸಿದರು. ಊರಿನವರ ಬಾಯಲ್ಲಿ ಅದು ‘ಡಿಕ್ಲರೇಶನ್’. ಯಾರು, ಯಾರ ಗದ್ದೆಯನ್ನು, ಎಂದಿನಿಂದ ಉಳುತ್ತಿದ್ದರೆಂಬ ವಿವರ ಆ ಕಡತಗಳಲ್ಲಿದೆ. ಎಷ್ಟೋ ಮನೆಗಳಿಗೆ ಇದೇ ಮೊದಲ ಲಿಖಿತ ಚರಿತ್ರೆ.

ಇವನ್ನು ಸರ್ವೆ ನಂಬರಿನಡಿ ಮಾತ್ರ ಜೋಡಿಸಿಟ್ಟರೆ, ಹೋಟೆಲ್ ಕೆಲಸಕ್ಕೆಂದು ಮುಂಬಯಿ ಸೇರಿದ ಒಕ್ಕಲಿನ ಮೊಮ್ಮಗಳಿಗೆ ಅವು ಎಟುಕಲಾರವು. ಅಜ್ಜನ ಹೆಸರು, ಊರಿನ ಹೆಸರಷ್ಟೇ ಆಕೆಗೆ ಗೊತ್ತು. ಕಾಪು ಪ್ರತ್ಯೇಕ ತಾಲ್ಲೂಕಾದದ್ದು ಈಚೆಗೆ. ಅಲ್ಲಿನ ಗ್ರಾಮಗಳ ಹಳೆಯ ಜಾಡು ಉಡುಪಿ ತಾಲ್ಲೂಕಿನಲ್ಲಿದೆ. ಗೇಣಿದಾರನ ಹೆಸರಿನ ಹಾಗೂ ಗ್ರಾಮವಾರು ಸೂಚಿಯನ್ನು ಈಗಲೇ ಸಿದ್ಧಪಡಿಸುವಂತೆ ಮಣಿಪಾಲದ ಜಿಲ್ಲಾಡಳಿತ ಆದೇಶಿಸಬೇಕೆಂಬುದು ನನ್ನ ಒತ್ತಾಯ.